ಬಾಲ ಇಲ್ಲದೆ ತೇಜಸ್ ಹಾರುವುದಾದರೆ ಮಿಗ್-21ಕ್ಕೆ ಬಾಲ ಯಾಕೆ ಬೇಕಿತ್ತು?

ಬದಿಯಡ್ಕ ಮಾಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವ. ಯುದ್ಧವಿಮಾನ ಅಂದರೆ ಚಿಕ್ಕಂದಿನಿಂದ ಜೀವ. ಪೇಪರಿನಿಂದ ಕತ್ತರಿಸಿ ಅಂಟಿಸಿದ ಜಾಗ್ವಾರ್, ಮಿರಾಜ್ ಚಿತ್ರಗಳ ನೋಟ್‌ಬುಕ್ ಈಗಲೂ ಕಪಾಟಿನಲ್ಲುಂಟು. ಯಾವುದರ ವೇಗ ಎಷ್ಟು, ಎಷ್ಟು ಎತ್ತರಕ್ಕೆ ಹೋಗ್ತದೆ, ಎಂತ ಕ್ಷಿಪಣಿ ಹೊರುತ್ತದೆ ಎಲ್ಲ ಬಾಯಿಪಾಠ. ಆದರೆ ಹೋದ ವಾರ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದಕ್ಕೆ ಆ ಬಾಯಿಪಾಠ ಯಾವುದೂ ಒದಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21ನ್ನು ಬೀಳ್ಕೊಟ್ಟರಲ್ಲ, ಆ ವಿಡಿಯೊವನ್ನು ಕ್ಲಾಸಿನಲ್ಲಿ ಹಾಕಿ ತೋರಿಸಿದ್ದೆ. 1963ರಲ್ಲಿ ವಾಯುಪಡೆಗೆ ಬಂದದ್ದು 2025ರವರೆಗೆ ಹಾರಿತು ಅಂದಾಗ ಒಬ್ಬ ಹುಡುಗ, "ನನ್ನ ಅಜ್ಜ ಹುಟ್ಟಿದ್ದೂ ಅದೇ ವರ್ಷ" ಅಂದ. ಅದರ ಜಾಗಕ್ಕೆ ಬರುವುದು ತೇಜಸ್ ಅಂತ ಹೇಳಿ ಆ ಚಿತ್ರವನ್ನೂ ತೋರಿಸಿದೆ. ಅಲ್ಲಿಂದ ಶುರು. ಉಪಜಿಲ್ಲಾ ಶಾಸ್ತ್ರಮೇಳಕ್ಕೆ (ಶಾಲಾ ಮಕ್ಕಳ ವಿಜ್ಞಾನ ಮೇಳ) ಎರಡರದ್ದೂ ಗ್ಲೈಡರ್ ಮಾಡುವ ಅಂತ ಐದು ಮಕ್ಕಳು ಎದ್ದು ನಿಂತರು.

ಪೇಟೆಯಿಂದ ತೆಳ್ಳನೆಯ ಥರ್ಮೋಕೋಲ್ ತಂದೆವು. ಬೆನ್ನೆಲುಬಿಗೆ ಹಿಡಿಸೂಡಿ ಕಡ್ಡಿ. ಎರಡೂ ಒಂದೊಂದು ಅಡಿ ಉದ್ದ, ಎರಡಕ್ಕೂ ತ್ರಿಕೋನದ ರೆಕ್ಕೆ, ಎರಡರ ಮೂತಿಗೂ ಒಂದೇ ಅಳತೆಯ ಮೇಣ. ಊಟದ ಬಿಡುವಿನಲ್ಲಿ ಜಗಲಿಯಿಂದ ಬಿಟ್ಟೆವು. ಮಿಗ್ ಚಂದಕ್ಕೆ ತೇಲಿಕೊಂಡು ಹೋಗಿ 11 ಮೀಟರ್ ದೂರದಲ್ಲಿ ಕೂತಿತು. ತೇಜಸ್ ಕೈಬಿಟ್ಟ ಕೂಡಲೇ ಮೂತಿ ಎತ್ತಿ, ಬೆನ್ನ ಮೇಲೆ ಮಗುಚಿ, ಎರಡು ಮೀಟರಿನೊಳಗೆ ಬಿತ್ತು. ಆರು ಸಲ ಬಿಟ್ಟೆವು, ಆರು ಸಲವೂ ಅದೇ ಕತೆ.

ಆಗ ಅವಳು ಕೇಳಿದ್ದು: "ಮಾಷ್ಟ್ರೇ, ಬಾಲ ಇಲ್ಲದೆ ಹಾರ್ಲಿಕ್ಕೆ ಆಗುದಾದ್ರೆ ಮಿಗ್‌ಗೆ ಅದು ಯಾಕೆ? ಬಾಲ ಬೇಕೇ ಬೇಕು ಅಂತಾದ್ರೆ ತೇಜಸ್ ಹೇಗೆ ಹಾರ್ತದೆ?"

ಬಾಲ ಅಂದರೆ ಹಿಂದೆ ಅಡ್ಡಕ್ಕೆ ಇರುವ ಸಣ್ಣ ರೆಕ್ಕೆ. ನೆಟ್ಟಗೆ ನಿಂತ ಹಲಗೆ ತೇಜಸ್‌ಗೂ ಉಂಟು, ಅದರ ವಿಷಯ ಅಲ್ಲ. ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿ ವಿನ್ಯಾಸ ಮಾಡಿದವರು ಸುಮ್ಮನೆ ಬಾಲ ತೆಗೆದಿರಲಿಕ್ಕಿಲ್ಲ. ಎಂತ ಕೊಟ್ಟು ಎಂತ ತಗೊಂಡರು? ಯಾವ ದೇಶದ ವಿಮಾನ ದೊಡ್ಡದು ಅನ್ನುವ ಚರ್ಚೆ ದಯವಿಟ್ಟು ಬೇಡ. ಮಕ್ಕಳಿಗೆ ಓದಿ ಹೇಳುವ ಹಾಗೆ ಬರೆದರೆ ಉಪಕಾರ.

ಪೈವಳಿಕೆ ಫಿಟ್ಟರ್

ಮಾಷ್ಟ್ರೇ, ಮೊದಲು ಆ ಮಗುವಿಗೆ ನನ್ನ ಲೆಕ್ಕದಲ್ಲಿ ಒಂದು ದೊಡ್ಡ ಚಾಕಲೇಟ್ ಕೊಡಿ. ನಾನು ವಾಯುಪಡೆಯಲ್ಲಿ 20 ವರ್ಷ ಏರ್‌ಫ್ರೇಮ್ (ವಿಮಾನದ ಮೈ, ರೆಕ್ಕೆ) ಫಿಟ್ಟರ್ ಆಗಿದ್ದವ. ಮೊದಲು ಮಿಗ್-21, ಆಮೇಲೆ ಗ್ವಾಲಿಯರ್‌ನಲ್ಲಿ ಮಿರಾಜ್ 2000. ಈಗ ಪೈವಳಿಕೆಯಲ್ಲಿ ಅಡಿಕೆ, ಕರಿಮೆಣಸು. ಬಾಲ ಇದ್ದದ್ದನ್ನೂ ಇಲ್ಲದ್ದನ್ನೂ ಕೈಯಾರೆ ಬಿಚ್ಚಿ ಜೋಡಿಸಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಬಾಲವೂ ರೆಕ್ಕೆಯ ಹಾಗೆ ವಿಮಾನವನ್ನು ಎತ್ತುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಳೇ ಕಾಲದ ವಿಮಾನದಲ್ಲಿ ಅದು ಹೆಚ್ಚಿನ ಹೊತ್ತು ಕೆಳಗೆ ಒತ್ತುತ್ತದೆ. ತಕ್ಕಡಿ ನೆನಪು ಮಾಡಿ. ರೆಕ್ಕೆ ಎತ್ತುವ ಜಾಗವೇ ನಡುವಿನ ಹಗ್ಗ. ವಿಮಾನದ ಭಾರ ಕೂತಿರುವುದು ಆ ಹಗ್ಗಕ್ಕಿಂತ ಸ್ವಲ್ಪ ಮುಂದೆ. ಹಾಗೇ ಬಿಟ್ಟರೆ ಮೂತಿ ಅಡಿ. ಅದಕ್ಕೆ ಹಿಂದಿನಿಂದ ಬಾಲ ಒತ್ತಿ ಹಿಡಿಯುತ್ತದೆ. ಭಾರವನ್ನು ಮುಂದೆ ಇಡುವುದು ಯಾಕೆ ಅಂದರೆ, ಗಾಳಿಯ ಏಟಿಗೆ ಮೂತಿ ಎದ್ದರೆ ರೆಕ್ಕೆ ಹಿಂದಿನಿಂದ ಜಾಸ್ತಿ ಎತ್ತಿ ಮೂತಿಯನ್ನು ತಾನಾಗಿ ಕೆಳಗೆ ತರುತ್ತದೆ. ಪೈಲಟ್ ಕೈ ಬಿಟ್ಟರೂ ವಿಮಾನ ನೆಟ್ಟಗೆ ಬರುತ್ತದೆ. ನಿಮ್ಮ ಮಕ್ಕಳ ಮಿಗ್ 11 ಮೀಟರ್ ಹೋದದ್ದು ಈ ಗುಣದಿಂದ.

ಈ ಗುಣ ಪುಕ್ಕಟೆ ಸಿಗುವುದಿಲ್ಲ. ರೆಕ್ಕೆ ವಿಮಾನದ ಭಾರವನ್ನೂ ಹೊರಬೇಕು, ಬಾಲ ಒತ್ತುವ ಭಾರವನ್ನೂ ಹೊರಬೇಕು. ಶಬ್ದದ ವೇಗ ದಾಟಿದ ಮೇಲೆ ಇನ್ನೂ ಕಷ್ಟ. ರೆಕ್ಕೆ ಎತ್ತುವ ಜಾಗ ಹಿಂದಕ್ಕೆ ಸರಿಯುತ್ತದೆ, ಬಾಲ ಇನ್ನೂ ಜೋರಾಗಿ ಒತ್ತಬೇಕು, ಗಾಳಿಯ ಎಳೆತ ಹೆಚ್ಚುತ್ತದೆ, ಇಂಧನ ಸುರಿಯುತ್ತದೆ.

ಹಾಗಾದರೆ ಮಿಗ್‌ಗೆ ಬಾಲ ಯಾಕೆ? 1950ರ ದಶಕದಲ್ಲಿ ಅದನ್ನು ಮಾಡಿದವರಿಗೆ ಬೇಕಾಗಿದ್ದದ್ದು ಒಂದೇ ಕೆಲಸ: ಎತ್ತರದಲ್ಲಿ ಬರುವ ಬಾಂಬರನ್ನು ಸರ್ರನೆ ಏರಿ ಹೋಗಿ ಹಿಡಿಯುವುದು. ಅದಕ್ಕೆ ತೆಳ್ಳಗಿನ, ಸಣ್ಣ ರೆಕ್ಕೆ ಸಾಕು. ಬರೀ 23 ಚದರ ಮೀಟರ್. ಅಷ್ಟು ಸಣ್ಣ ರೆಕ್ಕೆಯ ವಿಮಾನವನ್ನು ಮನುಷ್ಯನ ಕೈಯಲ್ಲಿ ಹಿಡಿತಕ್ಕೆ ತರಬೇಕಾದರೆ ದೂರ ಹಿಂದೆ ಒಂದು ಬಾಲ ಬೇಕು. ಬಾಗಿಲನ್ನು ಹಿಡಿಕೆಯ ಹತ್ತಿರ ತಳ್ಳಿದರೆ ಬೆರಳು ಸಾಕು, ಬಿಜಾಗರಿಯ ಹತ್ತಿರ ತಳ್ಳಿದರೆ ಇಡೀ ಮೈಯ ಬಲ ಬೇಕು. ದೂರದ ಬಾಲ ಅಂದರೆ ಹಿಡಿಕೆಯ ಹತ್ತಿರ ತಳ್ಳಿದ ಹಾಗೆ.

ಸಣ್ಣ ರೆಕ್ಕೆಯ ಸಾಲ ಇಳಿಯುವಾಗ ತೀರಿಸಬೇಕು. ನಿಧಾನಕ್ಕೆ ಬಂದರೆ ರೆಕ್ಕೆ ಹೊರುವುದಿಲ್ಲ. ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ ಬರುತ್ತಿತ್ತು. ವೇಗ ತಗ್ಗಿಸಲು ಎಂಜಿನಿನಿಂದ ಗಾಳಿ ತಂದು ಫ್ಲಾಪಿನ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗೆ ಬಾಗುವ ಹಲಗೆ) ಮೇಲೆ ಊದುವ ಏರ್ಪಾಡು ಮಾಡಿದ್ದರು. ಅಂದರೆ ಇಳಿಯುವ ಕ್ಷಣದಲ್ಲಿ ಎಂಜಿನ್ ಪೂರ್ತಿ ತಗ್ಗಿಸಿದರೆ ರೆಕ್ಕೆಯ ಬಲವೂ ಹೋಯಿತು! ಚಕ್ರ ನೆಲಕ್ಕೆ ತಾಗಿದ ಮೇಲೆ ಹಿಂದೆ ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತದೆ. ಅದನ್ನು ರನ್‌ವೇ ಬದಿಯಿಂದ ಎತ್ತಿ ತಂದು ಮಣ್ಣು ಕೊಡವಿ ಮತ್ತೆ ಮಡಚುವುದು ನೆಲದವರ ಕೆಲಸ. ಅದರ ಬಟ್ಟೆಯಲ್ಲಿ ಸೀದ ಸೀಮೆಎಣ್ಣೆಯ ವಾಸನೆ ಇರುತ್ತಿತ್ತು. ಈಗ ಸ್ಟವ್ ಹೊತ್ತಿಸಿದ ವಾಸನೆ ಬಂದರೂ ನನಗೆ ಮಿಗ್ ನೆನಪಾಗುತ್ತದೆ.

ಇನ್ನೊಂದು ಮಾತು. ಮಿಗ್‌ನ ಮೂತಿಯೇ ಬಾಯಿ. ಎಂಜಿನಿಗೆ ಗಾಳಿ ಹೋಗುವುದು ಅಲ್ಲಿಂದ. ನಡುವೆ ಇರುವ ಶಂಕುವಿನೊಳಗೆ ರೇಡಾರ್ ತುರುಕಬೇಕು. ಆಮೇಲೆ ಅದನ್ನೇ ಸುಧಾರಿಸಿ ಬೈಸನ್ ಮಾಡಿದಾಗ ಹೊಸ ರೇಡಾರ್ ಹಾಕಿದರು, ಆದರೂ ಆ ಶಂಕುವಿಗಿಂತ ದೊಡ್ಡ ಆಂಟೆನಾ ಎಲ್ಲಿಂದ ತರುವುದು? ತೇಜಸ್‌ನಲ್ಲಿ ಗಾಳಿಯ ಬಾಯಿ ಎರಡೂ ಬದಿಗೆ, ರೆಕ್ಕೆಯ ನೆರಳಿನಲ್ಲಿ. ಮೂತಿ ಪೂರ್ತಿ ರೇಡಾರಿಗೆ.

ಈಗ ಬಾಲ ಇಲ್ಲದ್ದು. ಫ್ರಾನ್ಸಿನ ಡಸಾಲ್ಟ್ ಕಂಪೆನಿಯ ಕತೆ ಕೇಳಿದರೆ ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ. 1956ರಲ್ಲಿ ಅವರ ಮಿರಾಜ್ 3 ಹಾರಿತು. ದೊಡ್ಡ ತ್ರಿಕೋನದ ರೆಕ್ಕೆ, ಬಾಲ ಇಲ್ಲ. ರೆಕ್ಕೆಯ ಬುಡ ಅಗಲ ಆದ್ದರಿಂದ ಗಟ್ಟಿ, ಒಳಗೆ ಇಂಧನಕ್ಕೆ ಜಾಗ, ವೇಗಕ್ಕೆ ಹೇಳಿ ಮಾಡಿಸಿದ್ದು. ಆದರೆ ಇಳಿಯುವಾಗ ಮೂತಿ ಎತ್ತಬೇಕಲ್ಲ? ಬಾಲ ಇಲ್ಲದ ಮೇಲೆ ಅದಕ್ಕಿರುವುದು ರೆಕ್ಕೆಯ ಹಿಂದಿನ ಅಂಚಿನ ಎಲಿವಾನ್ ಎಂಬ ಬಾಗುವ ಹಲಗೆ ಮಾತ್ರ, ಬಿಜಾಗರಿಯ ಹತ್ತಿರವೇ. ಅದನ್ನು ಮೇಲಕ್ಕೆ ಮಡಚಿದರೆ ಮೂತಿ ಏಳುತ್ತದೆ, ಜೊತೆಗೆ ರೆಕ್ಕೆ ಎತ್ತುವ ಶಕ್ತಿಯೂ ತಗ್ಗುತ್ತದೆ. ನೀವು ಮೇಲೆ ಬಾ ಅಂದರೆ ಅದು ಮೊದಲು ಒಂದಿಷ್ಟು ಕುಸಿದು ಆಮೇಲೆ ಮೇಲೆ ಬರುತ್ತದೆ. ಫ್ಲಾಪ್ ಇಳಿಸುವ ಹಾಗೂ ಇಲ್ಲ, ಇಳಿಸಿದರೆ ಮೂತಿ ಕವಚುತ್ತದೆ, ತಡೆಯಲು ಬಾಲ ಇಲ್ಲ. ಉದ್ದದ ರನ್‌ವೇ ಬೇಕು, ಜೋರಾಗಿ ಬರಬೇಕು.

ಈ ಕಷ್ಟಕ್ಕೆ ಅವರೇ ಮುಂದಿನ ವಿಮಾನಕ್ಕೆ ಬಾಲ ಹಾಕಿದರು. ಮಿರಾಜ್ ಎಫ್1, 1966. ತ್ರಿಕೋನ ಬಿಟ್ಟು ಹಿಂದಕ್ಕೆ ಬಾಗಿದ ರೆಕ್ಕೆ. ಹನ್ನೆರಡು ವರ್ಷ ಆಗುವಾಗ ಮತ್ತೆ ಬಾಲ ತೆಗೆದು ಹಳೇ ತ್ರಿಕೋನಕ್ಕೇ ಬಂದರು. ಅದೇ ನಮ್ಮ ಮಿರಾಜ್ 2000, ಮೊದಲು ಹಾರಿದ್ದು 1978ರಲ್ಲಿ. ನಡುವೆ ಬದಲಾದದ್ದು ಎಂತದು? ಕಂಪ್ಯೂಟರ್ ಬಂದಿತ್ತು. ಭಾರದ ಕೇಂದ್ರವನ್ನು ಧೈರ್ಯವಾಗಿ ಹಿಂದಕ್ಕೆ ಸರಿಸಿದರು. ಆಗ ವಿಮಾನಕ್ಕೆ ತನ್ನಷ್ಟಕ್ಕೆ ನೆಟ್ಟಗಾಗುವ ಗುಣ ಹೋಯಿತು, ಆ ಕೆಲಸ ಕಂಪ್ಯೂಟರಿನ ಪಾಲಿಗೆ ಬಂತು. ಮೂತಿ ಹಗುರ ಆದ್ದರಿಂದ ಎಲಿವಾನನ್ನು ಮೇಲೆ ಮಡಚುವ ಬದಲು ಕೆಳಗೆ ಬಾಗಿಸಿ ಇಟ್ಟುಕೊಳ್ಳಬಹುದು. ಮೊದಲು ಎತ್ತುವ ಶಕ್ತಿಯನ್ನು ತಿನ್ನುತ್ತಿದ್ದ ಅದೇ ಹಲಗೆ ಈಗ ಫ್ಲಾಪಿನ ಹಾಗೆ ಎತ್ತಿ ಕೊಡುತ್ತದೆ. ಆ ಹುಡುಗಿಯ ಎರಡನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ತೇಜಸ್ ಹಾರುವುದೂ ಹೀಗೆಯೇ.

ತೇಜಸ್‌ನ ರೆಕ್ಕೆ 38.4 ಚದರ ಮೀಟರ್. ಮಿಗ್‌ನದಕ್ಕಿಂತ ಒಂದೂವರೆ ಪಾಲಿಗೂ ಹೆಚ್ಚು. ಆದರೂ ವಿಮಾನದ ಉದ್ದ ಬರೀ 13.2 ಮೀಟರ್, ಮಿಗ್‌ಗಿಂತ ಗಿಡ್ಡ. ಬಾಲದ ಭಾರ ಇಲ್ಲ, ಅದನ್ನು ಹಿಡಿದು ನಿಲ್ಲಿಸುವ ಹಿಂಭಾಗದ ಗಟ್ಟಿ ಚೌಕಟ್ಟೂ ಬೇಡ, ಅದರ ಹೈಡ್ರಾಲಿಕ್ ಜ್ಯಾಕ್ ಬೇಡ. ಫಿಟ್ಟರಿಗೆ ಕೇಳಿದರೆ ಇಲ್ಲದ ಭಾಗದಷ್ಟು ಒಳ್ಳೆಯ ಭಾಗ ಬೇರೆ ಇಲ್ಲ, ಅದು ಯಾವತ್ತೂ ಕೆಡುವುದಿಲ್ಲ.

ಹಾಗಂತ ಎಲ್ಲ ಸಾಲ ತೀರಿತು ಅಂತ ಮಕ್ಕಳಿಗೆ ಹೇಳಬೇಡಿ. ತ್ರಿಕೋನದ ರೆಕ್ಕೆ ತಿರುಗುವಾಗ ಗಾಳಿಯನ್ನು ಬಲವಾಗಿ ಕಚ್ಚುತ್ತದೆ, ಮೂತಿ ಗಕ್ಕನೆ ತಿರುಗುತ್ತದೆ. ಆದರೆ ಗಿಡ್ಡ, ಅಗಲದ ರೆಕ್ಕೆ ಆದ್ದರಿಂದ ಆಗ ಎಳೆತವೂ ವಿಪರೀತ. ತಿರುಗುತ್ತಾ ಹೋದಂತೆ ವೇಗ ಸೋರುತ್ತದೆ. ನಮ್ಮಲ್ಲಿ ಹೇಳುತ್ತಿದ್ದದ್ದು, ಮೊದಲ ಸುತ್ತು ಮಿರಾಜ್‌ನದ್ದು, ಮೂರನೇ ಸುತ್ತು ಬಾಲ ಇರುವ ಅಮೆರಿಕದ ಎಫ್-16ರದ್ದು. ತೇಜಸ್ ಸಣ್ಣದಾದ್ದರಿಂದ ಒಳಗೆ ಹಿಡಿಯುವ ಇಂಧನ ಸುಮಾರು ಎರಡೂವರೆ ಟನ್ ಮಾತ್ರ. ದೂರ ಹೋಗಬೇಕಾದರೆ ರೆಕ್ಕೆಯಡಿಗೆ ಟ್ಯಾಂಕ್ ಕಟ್ಟಬೇಕು, ಕಟ್ಟಿದ ಜಾಗದಲ್ಲಿ ಬಾಂಬ್ ಇಲ್ಲ.

ಆದರೂ ಹೇಳುತ್ತೇನೆ, ಸಂಜೆ ಬೆಳಕಿನಲ್ಲಿ ಹೆಡೆ ಎತ್ತಿದ ನಾಗರನ ಹಾಗೆ ಮೂತಿ ಎತ್ತಿಕೊಂಡು ಇಳಿಯುವ ಮಿರಾಜ್‌ನಷ್ಟು ಚಂದದ ವಸ್ತುವನ್ನು ನಾನು ಈ ಕಣ್ಣಿನಲ್ಲಿ ನೋಡಿಲ್ಲ.

ನಿಮ್ಮ ಗ್ಲೈಡರಿಗೆ ಕಂಪ್ಯೂಟರ್ ಇಲ್ಲ, ಹಾಗಾಗಿ ಅದನ್ನು 1956ರ ಮಿರಾಜ್ ಮಾಡಬೇಕು. ಮೇಣ ಸಾಲದು, ಮೂತಿಗೆ ಒಂದು ರೂಪಾಯಿಯ ನಾಣ್ಯ ಅಂಟಿಸಿ. ಬರೀ ನಾಣ್ಯ ಹಾಕಿದರೆ ನೆಲಕ್ಕೆ ಕುಟ್ಟುತ್ತದೆ. ರೆಕ್ಕೆಯ ಹಿಂದಿನ ಅಂಚಿಗೆ ಕಾರ್ಡಿನ ಪಟ್ಟಿ ಅಂಟಿಸಿ, ಮೂರು ಮಿಲಿಮೀಟರ್ ಮೇಲಕ್ಕೆ ಬಾಗಿಸಿ. ಆಮೇಲೆ ನಾಣ್ಯವನ್ನು ಸ್ವಲ್ಪ ಸ್ವಲ್ಪ ಹಿಂದೆ ತಂದು ಎಂತ ಆಗುತ್ತದೆ ನೋಡಿ ಬರೆಯಿರಿ.

ಎಣ್ಮಕಜೆ ತೋಟ

ಫಿಟ್ಟರಣ್ಣ, ಭಾರದ ವಿಷಯ ಬಂದದ್ದಕ್ಕೆ ನನ್ನದೊಂದು. ತೇಜಸ್‌ನ ಚೌಕಟ್ಟಿನ ಭಾರದಲ್ಲಿ ಸುಮಾರು 45 ಶೇಕಡಾ ಕಾರ್ಬನ್ ಫೈಬರಿನಂಥ ಕಾಂಪೊಸಿಟ್. ಅದು ಎಂತ ವಸ್ತು ಅಂತ ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡುವುದೇ ಬೇಡ, ತೋಟದಲ್ಲೇ ಉಂಟು. ಅಡಿಕೆ ಕೊಯ್ಯಲಿಕ್ಕೆ, ಮದ್ದು ಬಿಡಲಿಕ್ಕೆ ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಅದೇ ಜಾತಿಯದ್ದು. ಮೊದಲು ಅಲ್ಯುಮಿನಿಯಂ ದೋಟಿ ಹಿಡಿದು ಅರ್ಧ ದಿನಕ್ಕೆ ಭುಜ ಬಿದ್ದು ಹೋಗುತ್ತಿತ್ತು, ಮೇಲಿನ ತುದಿ ಬಾಗಿ ಗೊನೆಗೆ ಸಿಗುತ್ತಲೇ ಇರಲಿಲ್ಲ. ಇದು ಹಗುರ, ಬಾಗುವುದೂ ಕಡಿಮೆ. ತೆಳ್ಳನೆಯ ರೆಕ್ಕೆಗೆ ಬೇಕಾದದ್ದೂ ಇವೇ ಎರಡು ಗುಣ.

ಆದರೆ ಅಲ್ಯುಮಿನಿಯಂ ಪೆಟ್ಟು ತಿಂದರೆ ಗುಳಿ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಹಾಗಲ್ಲ. ನನ್ನ ದೋಟಿ ಒಂದು ಸಲ ಕಲ್ಲಿನ ಮೇಲೆ ಬಿದ್ದಿತ್ತು. ಹೊರಗೆ ಒಂದು ಗೀರು ಬಿಟ್ಟರೆ ಏನೂ ಕಾಣಲಿಲ್ಲ. ಎರಡು ವಾರ ಕಳೆದು ಎತ್ತಿ ಹಿಡಿದಾಗ ಅಲ್ಲಿಂದಲೇ ಸೀಳಿತು. ಒಳಗೆ ಪದರ ಬಿಟ್ಟಿತ್ತು. ವಿಮಾನದಲ್ಲಿ ಇದಕ್ಕಾಗಿ ಶಬ್ದತರಂಗ ಬಿಟ್ಟು ಒಳಗೆ ಪರೀಕ್ಷೆ ಮಾಡುತ್ತಾರೆ. ನಮಗೆ ನಾಣ್ಯದಿಂದ ಟಕ್ ಟಕ್ ತಟ್ಟಿ ಕೇಳುವುದೇ ಗತಿ. ಪದರ ಬಿಟ್ಟಲ್ಲಿ ಶಬ್ದ ಮಂಕು.

ಇನ್ನೊಂದು, ಮಕ್ಕಳಿಗೆ ದಯವಿಟ್ಟು ಒತ್ತಿ ಹೇಳಿ. ಕಾರ್ಬನ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ಲೈನ್ ಹತ್ತಿರ ಎತ್ತಲೇಬಾರದು. ಹರಿಯುತ್ತದೆ ಅಂದರೂ ಲೋಹದಷ್ಟು ಸರಾಗ ಅಲ್ಲ, ಹಾಗಾಗಿ ಸಿಡಿಲು ಹೊಡೆದರೆ ಬಿಸಿಯಾಗಿ ಸುಟ್ಟು ಹೋಗುತ್ತದೆ. ಇಂಥ ವಿಮಾನಗಳ ಹೊರಮೈಯಲ್ಲಿ ಸಿಡಿಲಿಗೆ ದಾರಿ ಕೊಡಲು ಲೋಹದ ತೆಳು ಬಲೆ ಹಾಕಬೇಕಾಗುವುದು ಅದಕ್ಕೇ. ಉಳಿಸಿದ ಭಾರದಲ್ಲಿ ಒಂದಿಷ್ಟು ಹೀಗೆ ವಾಪಸು ಹೋಗುತ್ತದೆ.

ಬದಿಯಡ್ಕ ಮಾಷ್ಟ್ರು

ಫಿಟ್ಟರಣ್ಣ, ತೋಟದಣ್ಣ, ಎರಡನ್ನೂ ಇವತ್ತು ಕ್ಲಾಸಿನಲ್ಲಿ ಓದಿದೆ. ಬಾಗಿಲು ಮತ್ತು ಬಿಜಾಗರಿಯನ್ನು ಎಲ್ಲರೂ ಎದ್ದು ಹೋಗಿ ತಳ್ಳಿ ನೋಡಿದರು. ಅದೇ ಹುಡುಗಿಯ ಮುಂದಿನ ಪ್ರಶ್ನೆ: "ಕಂಪ್ಯೂಟರ್ ಹ್ಯಾಂಗ್ ಆದ್ರೆ?" ನಮ್ಮ ಶಾಲೆಯ ಕಂಪ್ಯೂಟರ್ ದಿನಕ್ಕೆರಡು ಸಲ ನಿಲ್ಲುವುದನ್ನು ನೋಡಿದ ಮಗು ಅದು, ಕೇಳಲೇಬೇಕು.

ಮುಳ್ಳೇರಿಯ

ಮಾಷ್ಟ್ರೇ, ನನ್ನ ಊರು ಮುಳ್ಳೇರಿಯ, ನಾನೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನಲ್ಲಿ ಕಂಟ್ರೋಲ್ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಕೆಲಸ. ಯುದ್ಧವಿಮಾನದ್ದಲ್ಲ, ಆದರೆ ಗಣಿತ ಅದೇ. ಆ ಹುಡುಗಿಗೆ ತೋಟದಣ್ಣನ ದೋಟಿಯನ್ನೇ ಕೊಡುವ.

ದೋಟಿಯನ್ನು ಅಂಗೈಯಲ್ಲಿ ನೆಟ್ಟಗೆ ನಿಲ್ಲಿಸಿ ನೋಡಲಿ. ವಾಲಿದ ಕಡೆಗೆ ಕೈ ಸರಿಸುತ್ತಾ ಇದ್ದರೆ ನಿಲ್ಲುತ್ತದೆ. ಕೈ ನಿಂತರೆ ಬೀಳುತ್ತದೆ. ಭಾರದ ಕೇಂದ್ರ ಹಿಂದೆ ಹೋದ ವಿಮಾನ ಅಂದರೆ ಇದೇ. ಆಮೇಲೆ ಒಂದು ಪೆನ್ಸಿಲನ್ನು ಹಾಗೇ ನಿಲ್ಲಿಸಲಿ. ಆಗುವುದಿಲ್ಲ. ಉದ್ದದ ಕೋಲು ನಿಧಾನಕ್ಕೆ ವಾಲುತ್ತದೆ, ಗಿಡ್ಡದ್ದು ನಮ್ಮ ಕೈಗಿಂತ ಬೇಗ ಬೀಳುತ್ತದೆ. ಯುದ್ಧವಿಮಾನ ಪೆನ್ಸಿಲ್. ಪೈಲಟ್ ಎಷ್ಟೇ ಚುರುಕಾಗಿದ್ದರೂ ಅವರ ಕೈ ತಲುಪುವುದಿಲ್ಲ. ಸೆಕೆಂಡಿಗೆ ಹತ್ತಾರು ಬಾರಿ ಅಳೆದು ಎಲಿವಾನ್ ಅಲ್ಲಾಡಿಸುವ ಕೈ ಬೇಕು.

ಹಾಗಾಗಿ ಕಂಪ್ಯೂಟರ್ ಹ್ಯಾಂಗ್ ಆಗುವ ಹಾಗೇ ಇಲ್ಲ. ತೇಜಸ್‌ನಲ್ಲಿ ಅದೇ ಲೆಕ್ಕವನ್ನು ನಾಲ್ಕು ಚಾನೆಲ್‌ಗಳು, ಅಂದರೆ ಬೇರೆ ಬೇರೆ ನಾಲ್ಕು ಲೆಕ್ಕದ ದಾರಿಗಳು, ಒಟ್ಟಿಗೆ ಮಾಡುತ್ತವೆ. ಒಂದರ ಉತ್ತರ ಬೇರೆ ಬಂದರೆ ಉಳಿದ ಮೂರು ಸೇರಿ ಅದನ್ನು ಹೊರಗಿಡುತ್ತವೆ. ಬಾಲದ ಭಾರ ಉಳಿಸಿದ್ದೇವೆ ಅಂತ ಫಿಟ್ಟರಣ್ಣ ಹೇಳಿದ್ದು ಸರಿ, ಅದರ ಬೆಲೆಯ ಒಂದು ಭಾಗ ಈ ನಾಲ್ಕು ಪಟ್ಟು ತಂತಿ, ಸೆನ್ಸರ್, ಪೆಟ್ಟಿಗೆ. ಅದಕ್ಕಿಂತ ದೊಡ್ಡ ಭಾಗ ವರ್ಷಗಳು.

ಯಾಕೆಂದರೆ ಇಲ್ಲಿ ತಪ್ಪಾದರೆ ಎಂತ ಆಗುತ್ತದೆ ಅಂತ ಜಗತ್ತೆಲ್ಲ ನೋಡಿದೆ. ಬೇಕೆಂದೇ ಅಸ್ಥಿರವಾಗಿ ಮಾಡಿದ ಎಫ್-16ರ ಮೊದಲ ಮಾದರಿಯನ್ನು 1974ರ ಜನವರಿ 20ರಂದು ಬರೀ ನೆಲದಲ್ಲಿ ಓಡಿಸಿ ನೋಡಲು ತಂದಿದ್ದರು. ಕಂಟ್ರೋಲ್ ಅತಿ ಸೂಕ್ಷ್ಮವಾಗಿ ವಿಮಾನ ಆಚೆ ಈಚೆ ವಾಲಾಡತೊಡಗಿತು. ಪೈಲಟ್ ಫಿಲ್ ಓಸ್ಟ್ರಿಕರ್ ಇನ್ನು ನೆಲದಲ್ಲಿದ್ದರೆ ಅಪಾಯ ಅಂತ ಎತ್ತಿಯೇ ಬಿಟ್ಟರು. ಆರು ನಿಮಿಷ ಹಾರಿಸಿ ಕ್ಷೇಮವಾಗಿ ಇಳಿಸಿದರು. ಸ್ವೀಡನ್ನಿನ ಗ್ರಿಪೆನ್ 1989ರಲ್ಲಿ ಇಳಿಯುವಾಗ, 1993ರಲ್ಲಿ ಸ್ಟಾಕ್‌ಹೋಮಿನಲ್ಲಿ ಪ್ರದರ್ಶನದ ಹೊತ್ತು, ಎರಡು ಸಲ ಬಿತ್ತು. ಪೈಲಟ್ ಎಳೆದದ್ದು, ಕಂಪ್ಯೂಟರ್ ತಿದ್ದಿದ್ದು ಒಂದಕ್ಕೊಂದು ತಾಳ ತಪ್ಪಿತ್ತು. ಪೈಲಟ್ ಎರಡೂ ಸಲ ಬದುಕಿದರು.

ನಮ್ಮವರಿಗೆ ಇನ್ನೊಂದು ಕಷ್ಟ. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ನಿರ್ಬಂಧ ಬಂದು ಅಲ್ಲಿಯ ಸಹಾಯ ನಿಂತು ಹೋಯಿತು. ಕಂಟ್ರೋಲ್ ಲಾ (ಎಲಿವಾನ್ ಯಾವಾಗ ಎಷ್ಟು ಅಲ್ಲಾಡಬೇಕು ಅನ್ನುವ ಲೆಕ್ಕ) ಬರೆಯುವ ಕೆಲಸವನ್ನು ಬೆಂಗಳೂರಿನ ಎನ್‌ಎಎಲ್‌ನ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ತಂಡ ಇಲ್ಲೇ ಮುಗಿಸಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊತಿಯಾಲ್ ತೇಜಸ್‌ನ್ನು ಮೊದಲ ಸಲ ಹಾರಿಸಿದಾಗ ಅವರ ಕೈಗೂ ಎಲಿವಾನಿಗೂ ನಡುವೆ ಒಂದು ಸರಳೂ ಇರಲಿಲ್ಲ, ಎಳೆಯುವ ಒಂದು ಕೇಬಲ್ಲೂ ಇರಲಿಲ್ಲ, ಆ ಲೆಕ್ಕ ಮಾತ್ರ ಇತ್ತು. ಅದನ್ನು ನಂಬಿ ಕೂತರಲ್ಲ, ನನಗೆ ಆ ಧೈರ್ಯ ನೆನೆದರೆ ಈಗಲೂ ಮೈ ನವಿರೇಳುತ್ತದೆ. ತೇಜಸ್ ತಡವಾಯಿತು ಅಂತ ಹೇಳುವವರಿಗೆ ನಾನು ಹೇಳುವುದು, ಆ ತಡದಲ್ಲಿ ಒಂದು ಪಾಲು ಈ ಲೆಕ್ಕವನ್ನು ಅಷ್ಟು ಜಾಗ್ರತೆಯಲ್ಲಿ ಕಟ್ಟಿದ್ದಕ್ಕೆ ಹೋಗಿದೆ.

ಕುಂಬಳೆ ಚೆಂಡೆ

ಓದಿ ಖುಷಿಯಾಯಿತು. ನಾನು ಯಕ್ಷಗಾನ ಮೇಳದಲ್ಲಿ ಹಿಮ್ಮೇಳದವ, ತಾಂತ್ರಿಕ ಓದು ಇಲ್ಲ. ಆದರೆ 2025ರ ಫೆಬ್ರವರಿಯಲ್ಲಿ ರಾತ್ರಿಯ ಕಣ್ಣೂರು ಬೆಂಗಳೂರು ರೈಲು ಹತ್ತಿ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ನಾನು ಯಕ್ಷಗಾನದ ಲೆಕ್ಕದಲ್ಲೇ ಅರ್ಥ ಮಾಡಿಕೊಂಡೆ.

ನಮ್ಮ ತೆಂಕುತಿಟ್ಟಿನಲ್ಲಿ ಪುಂಡುವೇಷ ಅಂದರೆ ಅಭಿಮನ್ಯು, ಬಭ್ರುವಾಹನ. ಕಿರೀಟ ಸಣ್ಣದು, ಮೈ ಹಗುರ, ದಿಗಿಣ (ಹಾರಿ ಸುತ್ತುವ ಕುಣಿತ) ಹೊಡೆದರೆ ರಂಗಸ್ಥಳ ಸಾಲದು. ರಾಕ್ಷಸರ ಪಾತ್ರದ ಬಣ್ಣದ ವೇಷಕ್ಕೆ ಅಷ್ಟು ಎತ್ತರದ ಕಿರೀಟ, ಅಷ್ಟು ಭಾರ. ಅವರು ದಿಗಿಣ ಹೊಡೆಯುವುದಿಲ್ಲ, ತೆರೆ ಸರಿಸಿ ಬಂದು ನಿಂತರೆ ಸಾಕು. ಎರಡನ್ನೂ ಒಬ್ಬನೇ ಕಟ್ಟಲಿಕ್ಕೆ ಆಗುವುದಿಲ್ಲ. ತೇಜಸ್ ಪುಂಡುವೇಷ ಅಂತ ಕಂಡ ಕೂಡಲೇ ಗೊತ್ತಾಯಿತು.

ಆದರೆ ಸುಖೋಯ್-30 ನನ್ನ ಲೆಕ್ಕ ತಪ್ಪಿಸಿತು. ಮೈ ನೋಡಿದರೆ ಬಣ್ಣದ ವೇಷ. ರೆಕ್ಕೆಯೇ 62 ಚದರ ಮೀಟರ್, ಬರಿಮೈ ಭಾರ 18 ಟನ್‌ಗೂ ಮೇಲೆ. ಹಿಂದೆ ಬಾಲ ಉಂಟು, ಮುಂದೆ ಕೆನಾರ್ಡ್ ಎಂಬ ಸಣ್ಣ ರೆಕ್ಕೆ ಉಂಟು, ಎಂಜಿನಿನ ಹಿಂದಿನ ಬಾಯಿಯೂ ತಿರುಗುತ್ತದೆ. ಆ ದೈತ್ಯ ಆಕಾಶದಲ್ಲಿ ನಿಂತಲ್ಲೇ ದಿಗಿಣ ಹೊಡೆಯಿತು! ಪಕ್ಕದಲ್ಲಿದ್ದ ಮಗು ಅಪ್ಪನ ಕಾಲನ್ನು ತಬ್ಬಿಕೊಂಡಿತು. ಫಿಟ್ಟರಣ್ಣ, ಹಾಗಾದರೆ ಅವರು ಏನನ್ನೂ ಬಿಟ್ಟುಕೊಡದೆ ಎಲ್ಲವನ್ನೂ ತಗೊಂಡರಾ?

ಇನ್ನೊಂದು ನೋಟ. ಅಮೆರಿಕದ ಎಫ್-35, ರಷ್ಯದ ಸು-57 ಎರಡೂ ಒಂದೇ ಅಂಗಳಕ್ಕೆ ಬಂದಿದ್ದವು. ಎಫ್-35 ಹೊಟ್ಟೆ ತುಂಬಿದ ಹಾಗೆ ದುಂಡಗೆ. ರೇಡಾರಿಗೆ ಕಾಣಬಾರದು ಅಂತ ಬಾಂಬನ್ನೆಲ್ಲ ಹೊಟ್ಟೆಯೊಳಗೆ ಬಚ್ಚಿಡುವ ಕಾರಣ ಹಾಗೆ ಅಂತ ಅಲ್ಲಿದ್ದವರೊಬ್ಬರು ವಿವರಿಸಿದರು. ಸು-57 ಚಪ್ಪಟೆ, ಅಗಲ, ಚೂಪು. ಹಾರಾಟಕ್ಕೆ ಅದರ ಮೈ ಚಂದ, ಆದರೆ ಹಿಂದೆ ಎಂಜಿನಿನ ದುಂಡು ಬಾಯಿಗಳು ಹಾಗೇ ತೆರೆದುಕೊಂಡಿವೆ. ಇಬ್ಬರೂ ಒಂದೇ ಪಾತ್ರಕ್ಕೆ ಬೇರೆ ಬೇರೆ ಬಣ್ಣ ಬರೆದುಕೊಂಡು ಬಂದ ಹಾಗೆ ಕಂಡಿತು.

ಪೈವಳಿಕೆ ಫಿಟ್ಟರ್

ಚೆಂಡೆಯವರೇ, ಬಿಟ್ಟುಕೊಟ್ಟದ್ದು ನೆಲದಲ್ಲಿ ಕಾಣುತ್ತದೆ, ಆಕಾಶದಲ್ಲಿ ಅಲ್ಲ. ಎರಡು ಎಂಜಿನ್, ತಿರುಗುವ ನಳಿಕೆ, ಕೆನಾರ್ಡ್, ಬಾಲ. ಪ್ರತಿಯೊಂದಕ್ಕೂ ಜ್ಯಾಕ್, ಸೀಲ್, ಗ್ರೀಸ್, ತಪಾಸಣೆಯ ಪಟ್ಟಿ. ಒಂದು ಗಂಟೆ ಹಾರಾಟಕ್ಕೆ ನೆಲದಲ್ಲಿ ಎಷ್ಟು ಜನ ಎಷ್ಟು ಹೊತ್ತು ಬೆವರು ಸುರಿಸುತ್ತಾರೆ ಅನ್ನುವುದೂ ವಿನ್ಯಾಸದ್ದೇ ಲೆಕ್ಕ. ದೂರ ಹೋಗಿ ತುಂಬ ಹೊತ್ತು ಕಾದಾಡಬೇಕಾದರೆ ಆ ವೆಚ್ಚ ಸರಿಯೇ. ಗಡಿಯ ಹತ್ತಿರ ದಿನಕ್ಕೆ ನಾಲ್ಕು ಸಲ ಏರಿ ಇಳಿಯಬೇಕಾದರೆ ಪುಂಡುವೇಷವೇ ಬೇಕು.

ಎಲ್ಲ ಲೆಕ್ಕ ಸರಿಯಾಗಿದ್ದು ಒಂದೇ ಒಂದು ಕೈಕೊಟ್ಟರೂ ಕತೆ ಮುಗಿಯಿತು ಅನ್ನುವುದಕ್ಕೆ ನಮ್ಮ ಮರುತ್ ಯುದ್ಧವಿಮಾನ ಉಂಟಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ ಮಾಡಿದ್ದು. 1961ರ ಜೂನ್ 17ರಂದು ಹಾರಿತು. ಈಗಲೂ ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲಿ ನಿಂತಿದೆ, ಅದರ ಮೈಯ ಗೆರೆಗಳನ್ನು ನೋಡಿದರೆ ಕಣ್ಣು ತುಂಬುತ್ತದೆ. ಅದು ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಕಟ್ಟಿದ ಮೈ. ಆ ಮೈಗೆ ಬೇಕಾದ ಎಂಜಿನ್ ಬರಲೇ ಇಲ್ಲ. ಸಣ್ಣ ಆರ್ಫಿಯಸ್ ಎಂಜಿನ್ ಎರಡು ಹಾಕಿ ಹಾರಿಸಿದರು. 1971ರಲ್ಲಿ ರಾಜಸ್ಥಾನದ ಕಡೆ ನೆಲದ ಗುರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡಿತು, ಆದರೆ ಯಾವ ವೇಗಕ್ಕೆ ಹುಟ್ಟಿತ್ತೋ ಆ ವೇಗವನ್ನು ಒಂದು ದಿನವೂ ನೋಡಲಿಲ್ಲ. ಬಾಲದ ಪ್ರಶ್ನೆ ಕೇಳಿದ ಹುಡುಗಿ ದೊಡ್ಡವಳಾಗಿ ಎಂಜಿನಿನ ಪ್ರಶ್ನೆಯನ್ನೂ ಕೇಳಲಿ ಅಂತ ನನ್ನ ಆಸೆ.

ಬದಿಯಡ್ಕ ಮಾಷ್ಟ್ರು

ಹೇಳಿದ ಹಾಗೇ ಮಾಡಿದೆವು. ಗಾಳಿ ಬೀಸದಿರಲಿ ಅಂತ ಸಭಾಭವನದ ಬಾಗಿಲು ಹಾಕಿ, ವೇದಿಕೆಯ ಮೇಲಿಂದ ಬಿಟ್ಟೆವು. ಒಬ್ಬ ಟೇಪ್ ಹಿಡಿದ, ಒಬ್ಬಳು ಬರೆದುಕೊಂಡಳು.

ಮೂತಿಯ ತುದಿಗೆ ನಾಣ್ಯ, ಅಂಚು ಬಾಗಿಸದೆ: ನೇರ ನೆಲಕ್ಕೆ. ಅಂಚು ಮೂರು ಮಿಲಿಮೀಟರ್ ಮೇಲೆ ಬಾಗಿಸಿದ ಮೇಲೆ ಮೊದಲ ಸಲ ಹಾರಿತು, 9 ಮೀಟರ್. ಮಕ್ಕಳು ಹೊಡೆದ ಚಪ್ಪಾಳೆಗೆ ಪಕ್ಕದ ಕ್ಲಾಸಿನ ಟೀಚರ್ ಓಡಿ ಬಂದರು. ನಾಣ್ಯವನ್ನು ಒಂದು ಸೆಂಟಿಮೀಟರ್ ಹಿಂದೆ ತಂದು, ಅಂಚನ್ನು ಸ್ವಲ್ಪ ತಗ್ಗಿಸಿದಾಗ 13 ಮೀಟರ್. ಇನ್ನೊಂದು ಸೆಂಟಿಮೀಟರ್ ಹಿಂದೆ, ಅಂಚು ಕಂಡೂ ಕಾಣದಷ್ಟು ಬಾಗಿಸಿ, 16 ಮೀಟರ್. ಬಾಲ ಇದ್ದ ಮಿಗ್‌ನ್ನು ಅದೇ ವೇದಿಕೆಯಿಂದ ಬಿಟ್ಟಾಗ 14 ಹೋಗಿತ್ತು.

ಮತ್ತೆ ಅರ್ಧ ಸೆಂಟಿಮೀಟರ್ ಹಿಂದೆ ತಂದಳು. ಕೈಬಿಟ್ಟ ಕೂಡಲೇ ಮೂತಿ ಎತ್ತಿ ಮಗುಚಿತು, ಮೊದಲ ದಿನದ ಹಾಗೇ. ಐದು ಸಲ ನೋಡಿದಳು. ಯಾರೂ ಏನೂ ಹೇಳಿಕೊಡಲಿಲ್ಲ, ಅವಳೇ ಪೆನ್ನು ತೆಗೆದು ಥರ್ಮೋಕೋಲಿನ ಮೇಲೆ ಅಡ್ಡಕ್ಕೆ ಒಂದು ಗೆರೆ ಎಳೆದು, ಅದರ ಹಿಂದಿನ ಭಾಗದಲ್ಲಿ 'ಇಲ್ಲಿ ಕಂಪ್ಯೂಟರ್ ಬೇಕು' ಅಂತ ಬರೆದಳು.

ಶಾಸ್ತ್ರಮೇಳಕ್ಕೆ ಇನ್ನು ಎಂಟು ದಿನ ಉಂಟು. ಈಗ ಮಕ್ಕಳಿಗೆ ಮುಂದೆ ಕೆನಾರ್ಡ್ ಹಾಕಿ ರಫೇಲ್ ಮಾಡಬೇಕಂತೆ. ಫಿಟ್ಟರಣ್ಣ, ಪೈವಳಿಕೆಯಿಂದ ನಮ್ಮ ಶಾಲೆಗೆ ಬಸ್ಸಿನಲ್ಲಿ ದೂರ ಏನಿಲ್ಲ. ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಬಿಡುವು ಮಾಡಿಕೊಂಡು ಬರಬಹುದಾ? ಪ್ಯಾರಾಶೂಟ್ ಮಡಚುವುದನ್ನು ತೋರಿಸಬೇಕು ಅಂತ ಎಲ್ಲರೂ ಕೇಳುತ್ತಿದ್ದಾರೆ. ಬಟ್ಟೆಗೆ ಹಳೆಯ ಕೊಡೆಯೊಂದನ್ನು ಬಿಚ್ಚಿ ಇಟ್ಟಿದ್ದೇವೆ.